ಲಿಫ್ಟಿನವನ ಮೈಗೆ ಹತ್ತಿದ್ದು

ಆ ಏಳು ಮಹಡಿಯ ಕಟ್ಟಡದಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳ ಬರೆಯುವ ಗುಮಾಸ್ತನಿಗೆ ಮಾತ್ರ. ಉಳಿದವರಿಗೆಲ್ಲ ಅವನು ಅರ್ಧಣ್ಣ. ಲಿಫ್ಟಿನೊಳಗಿನ ತಗಡಿನ ಮೇಲೆ ‘ಹತ್ತು ಜನ ಮಾತ್ರ’ ಎಂದು ಬರೆದಿತ್ತು. ನಿಯಮದ ಪ್ರಕಾರ ಲಿಫ್ಟ್ ನಡೆಸುವವನೂ ಆ ಹತ್ತರಲ್ಲಿ ಒಬ್ಬ. ಆದರೆ ಹತ್ತು ಜನ ಹತ್ತಿದ ಮೇಲೆ ಹನ್ನೊಂದನೆಯವನಾಗಿ ಇವನು ಗುಂಡಿಗಳ ಪಕ್ಕ ನಿಂತರೂ, ಭಾರ ಹೆಚ್ಚಾದರೆ ಹೊಡೆದುಕೊಳ್ಳಬೇಕಾದ ಗಂಟೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅದನ್ನು ಮೊದಲು ಕಂಡುಹಿಡಿದ ಯಾರೋ ಪುಣ್ಯಾತ್ಮರು ‘ನಮ್ಮ ಲಿಫ್ಟಿಗೆ ಹತ್ತೂವರೆ ಜನ’ ಎಂದರು. ಆ ಅರೆ ಇವನ ತಲೆಯ ಮೇಲೆ ಕೂತುಬಿಟ್ಟಿತು.

ಅಷ್ಟು ಸಣಕಲು. ಸಮವಸ್ತ್ರದ ಷರಟು ಬೆನ್ನಿಗೆ ತಾಗುತ್ತಿರಲಿಲ್ಲ, ಹೆಗಲಿಗೆ ತಗುಲಿಹಾಕಿದಂತೆ ಇರುತ್ತಿತ್ತು. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದ. ತಮಾಷೆಯೆಂದರೆ, ಸಂಜೆಯ ಹೊತ್ತಿಗೆ ಅದೇ ಬೆಲ್ಟನ್ನು ಸಡಿಲ ಮಾಡಬೇಕಾಗುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತಮಟೆ. ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತಿತ್ತು.

ಇಂಥವನ ಹೆಂಡತಿ ಅದೇ ಕಟ್ಟಡದ ಏಳನೇ ಮಹಡಿಯ ಕ್ಯಾಂಟೀನಿನಲ್ಲಿ ಅಡುಗೆಯವಳು! ದೀಪದ ಕೆಳಗೆ ಕತ್ತಲು ಎನ್ನುವುದು ಇದಕ್ಕೇ ಇರಬೇಕು. ಕಟ್ಟಡದ ಅಷ್ಟೂ ಕಚೇರಿಗಳವರು ಅವಳನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಅಕ್ಕನ ಕೈಯ ಅನ್ನ, ಸೊಪ್ಪು, ಬೇಳೆ ತಿಂದು ಎರಡನೇ ಮಹಡಿಯ ವಕೀಲರು ಕೋಟಿನ ಗುಂಡಿ ಹಾಕಲಾಗದೆ ಒದ್ದಾಡುತ್ತಿದ್ದರು. ಅವರನ್ನೆಲ್ಲ ಊಟಕ್ಕೆ ಮೇಲೆ ಸಾಗಿಸುವವನು ಮಾತ್ರ ಹೀಗೆ.

ಅಕ್ಕ ಕೈಕಟ್ಟಿ ಕೂತಿರಲಿಲ್ಲ. ಗಂಡನಿಗೆ ಬೆಳಿಗ್ಗೆ ಎದ್ದ ಕೂಡಲೆ ಬಾಳೆಹಣ್ಣು ಕಿವುಚಿದ ಹಾಲು. ಅದರ ಹಿಂದೆಯೇ ತಿಂಡಿ. ಲಿಫ್ಟಿಗೆ ಹೊರಡುವಾಗ ಡಬ್ಬಿಯಲ್ಲಿ ನೆನೆಸಿದ ಕಡಲೆ. ಮಧ್ಯಾಹ್ನ ತುಪ್ಪ ಸುರಿದ ಊಟ, ಸಂಜೆ ಖರ್ಜೂರ, ರಾತ್ರಿ ಮತ್ತೆ ಊಟ, ಮಲಗುವಾಗ ಜಾಹೀರಾತಿನಲ್ಲಿ ಪೈಲ್ವಾನ ತಿನ್ನುವ ಲೇಹ್ಯ. ಅರ್ಧಣ್ಣ ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ. ಬೇಡ ಎಂದರೆ ಅವಳ ಮುಖ ಸಣ್ಣದಾಗುತ್ತಿತ್ತು, ಅದನ್ನು ನೋಡುವುದಕ್ಕಿಂತ ತಿನ್ನುವುದೇ ಅವನಿಗೆ ಸುಲಭ. ತಿಂದು ಲಿಫ್ಟಿನಲ್ಲಿ ನಿಂತು ಹಲ್ಲು ಕಚ್ಚಿಕೊಂಡು ಮೇಲೆ ಕೆಳಗೆ ಓಡಾಡುತ್ತಿದ್ದ.

ಹಲ್ಲು ಕಚ್ಚುವುದಕ್ಕೆ ಒಂದು ಕಾರಣವಿತ್ತು, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಲಿಫ್ಟ್ ತುಂಬ ಜನ. ಕಟ್ಟಡದ ಮಾಲೀಕರೇ ಪಕ್ಕದಲ್ಲಿ ನಿಂತಿದ್ದರು. ಅವನ ಹೊಟ್ಟೆಯ ಗಾಳಿ ಅವನ ಅಪ್ಪಣೆ ಕೇಳದೆ ಹೊರಟುಹೋಯಿತು. ಸದ್ದು ಮಾಡಿಕೊಂಡೇ ಹೊರಟಿತು. ಯಾರೂ ಏನೂ ಅನ್ನಲಿಲ್ಲ. ಮಾಲೀಕರು ಮುಂದಿನ ಮಹಡಿಯಲ್ಲೇ ಇಳಿದು, ಉಳಿದದ್ದನ್ನು ನಡೆದೇ ಹತ್ತಿದರು. ಬೈದಿದ್ದರೆ ಮರೆತುಬಿಡುತ್ತಿದ್ದ. ಅವತ್ತೇ ತೀರ್ಮಾನ ಮಾಡಿದ, ಈ ಪೆಟ್ಟಿಗೆಯೊಳಗೆ ಇನ್ನೊಮ್ಮೆ ಅಂಥದ್ದಾಗಕೂಡದು. ತೇಗು ಬಂದರೆ ನುಂಗುವುದು, ಗಾಳಿ ಬಂದರೆ ಬಿಗಿಹಿಡಿಯುವುದು. ಬೆಳಗಿನಿಂದ ಸಂಜೆಯವರೆಗೆ ಬಿಗಿಹಿಡಿದು ಬಿಗಿಹಿಡಿದು, ರಜೆಯ ದಿನ ಮನೆಯಲ್ಲಿದ್ದರೂ ಬಿಡುವುದು ಮರೆತುಹೋಗಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಒಂದು ಬೆಳಿಗ್ಗೆ ಅಕ್ಕ ತರಕಾರಿ ಬುಟ್ಟಿ ಹಿಡಿದು ಲಿಫ್ಟಿನ ಮೂಲೆಯಲ್ಲಿ ನಿಂತಿದ್ದಳು. ಕೊನೆಯವರಾಗಿ ಕಟ್ಟಡದ ಮ್ಯಾನೇಜರ್ ಹತ್ತಿದರು. ಅವರು ಕೆಟ್ಟ ಮನುಷ್ಯರಲ್ಲ. ನಾಲ್ಕು ಜನ ಸೇರಿದ ಕಡೆ ಒಂದು ಜೋಕ್ ಹಾರಿಸದಿದ್ದರೆ ಉಸಿರು ಕಟ್ಟುವ ಜಾತಿ.

‘ಏನಕ್ಕಾ,’ ಅಂದರು, ‘ಊರಿಗೆಲ್ಲ ಬಡಿಸ್ತೀರ, ನಮ್ಮ ಅರ್ಧಣ್ಣನಿಗೆ ಬರೀ ವಾಸನೆ ತೋರಿಸ್ತೀರಾ ಹೇಗೆ? ಕಟ್ಟಿಕೊಂಡ ಗಂಡನ ಮೈಗೇ ಹತ್ತದ ಅಡುಗೆ ನಮ್ಮ ಮೈಗೆ ಹತ್ತುತ್ತಾ?’

ಲಿಫ್ಟೆಲ್ಲ ಘೊಳ್ಳೆಂದಿತು. ಅರ್ಧಣ್ಣನೂ ನಕ್ಕ. ಲಿಫ್ಟಿನವನಿಗೆ ಅದು ಅಭ್ಯಾಸ, ಒಳಗೆ ಯಾರು ಏನು ಜೋಕ್ ಹೇಳಿದರೂ ಒಂದು ನಗು ಕೊಡುವುದು ಕೆಲಸದ ಭಾಗವೇ ಆಗಿಹೋಗಿತ್ತು. ನಗುತ್ತಲೇ ಲಿಫ್ಟಿನ ಗೋಡೆಯ ಕನ್ನಡಿಯಲ್ಲಿ ನೋಡಿದ. ಅಕ್ಕ ಅವನನ್ನೇ ನೋಡುತ್ತಿದ್ದಳು.

ಸಂಜೆ ಅವಳು ಮನೆಯಲ್ಲಿ ಜಗಳವಾಡಲಿಲ್ಲ. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಒಂದೇ ಮಾತು ಹೇಳಿದಳು.

‘ನೋಡ್ರೀ, ನನ್ನ ಅಡುಗೆ ನಿಮ್ಮ ಮೈಗೆ ಹತ್ತೋ ತನಕ ನಿಮ್ಮ ಲಿಫ್ಟು ನಾನು ಹತ್ತಲ್ಲ.’

ಮಾತು ತಮಾಷೆಯ ಹಾಗೆ ಕೇಳಿಸಿತು. ಮರುದಿನ ಬುಟ್ಟಿ ಸೊಂಟಕ್ಕೇರಿಸಿ ಮೆಟ್ಟಿಲ ಕಡೆ ತಿರುಗಿದಾಗ ಅದು ತಮಾಷೆಯಲ್ಲವೆಂದು ಗೊತ್ತಾಯಿತು. ಏಳು ಮಹಡಿ. ಅವಳಿಗೆ ಮೊದಲೇ ಮಂಡಿನೋವು. ಇವನು ಲಿಫ್ಟಿನಲ್ಲಿ ಕಂಡಕಂಡವರನ್ನೆಲ್ಲ ಆರಾಮವಾಗಿ ಮೇಲೆ ಕರೆದೊಯ್ಯುವಾಗ, ಗೋಡೆಯಾಚೆ ಅವಳ ಚಪ್ಪಲಿಯ ಸದ್ದು ಮೆಟ್ಟಿಲು ಮೆಟ್ಟಿಲಿಗೂ ಕೇಳುತ್ತಿತ್ತು. ಅವನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಹೇಗಾದರೂ ಮಾಡಿ ದಪ್ಪಗಾಗಬೇಕು, ಅವಳನ್ನು ಮತ್ತೆ ಲಿಫ್ಟ್ ಹತ್ತಿಸಬೇಕು. ಅವನ ತಲೆಯಲ್ಲಿ ಉಳಿದದ್ದು ಇಷ್ಟೇ.

ದೊಡ್ಡಾಸ್ಪತ್ರೆಗೆ ಹೋದ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಗಂಟಲಲ್ಲಿ ಕೊಳವೆ ಇಳಿಸಿ ಹೊಟ್ಟೆಯೊಳಗೆಲ್ಲ ಇಣುಕಿದರು. ಕೊನೆಗೆ ಡಾಕ್ಟರು, ‘ಭಯ ಪಡಬೇಡಿ, ಏನೂ ಇಲ್ಲ’ ಎಂದರು. ಸಂತೋಷದ ಸುದ್ದಿಯೇ. ಆದರೆ ಅದನ್ನು ಹೇಳಿದಾಗ ಅಕ್ಕನ ಕಣ್ಣು ತುಂಬಿತು.

‘ರೋಗ ಇಲ್ಲ ಅಂದ ಮೇಲೆ ತಪ್ಪು ನನ್ನ ಅಡುಗೇದೇ ಆಯ್ತಲ್ಲ,’ ಅಂದಳು.

ಆಯುರ್ವೇದದ ದಾರಿ ತೋರಿಸಿದವನು ಬಾಗಿಲಲ್ಲಿ ಕೂರುವ ವಾಚ್‌ಮನ್ ಮಾವ. ಸೋದರಮಾವನೇನಲ್ಲ, ಕಟ್ಟಡಕ್ಕೆಲ್ಲ ಮಾವ. ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಒಬ್ಬ ವೈದ್ಯೆ ಇದ್ದರು. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗಾಜಿನ ಬಾಗಿಲ ಕಪಾಟು, ತೂಕ ನೋಡುವ ಯಂತ್ರ. ವೈದ್ಯೆಯ ಮಾತು ನೆಟ್ಟಗೆ, ನಗು ಕಡಿಮೆ. ಅವರು ಮೊದಲು ಆಸ್ಪತ್ರೆಯ ಕಾಗದಗಳನ್ನೆಲ್ಲ ಕೇಳಿ ಓದಿದರು. ಆಮೇಲೆ ನಾಡಿ ಹಿಡಿದರು, ನಾಲಿಗೆ ಚಾಚಿಸಿದರು. ನಾಲಿಗೆ ಸುಣ್ಣ ಬಳಿದಂತಿತ್ತು.

‘ಹಸಿವಾಗುತ್ತಾ?’

‘ಊಟದ ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ ಮೇಡಂ.’

‘ಅದಲ್ಲ ನಾನು ಕೇಳಿದ್ದು. ಹಸಿವಾಗುತ್ತಾ?’

ಅರ್ಧಣ್ಣ ಯೋಚಿಸಿದ. ಹಸಿವು ಎಂದರೆ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಲು ನೋಡಿದ. ಚಿಕ್ಕಂದಿನಲ್ಲಿ ಶಾಲೆಯಿಂದ ಓಡಿ ಬರುವಾಗ ಆಗುತ್ತಿದ್ದದ್ದು ಅದೇ ಇರಬೇಕು ಎನ್ನಿಸಿತು. ಅದನ್ನೇ ಹೇಳಿದ. ವೈದ್ಯೆ ಪೆನ್ನು ಕೆಳಗಿಟ್ಟರು.

‘ಅಶ್ವಗಂಧ ತಗೊಂಡ್ರೆ ಮೈ ಬರುತ್ತಂತಲ್ಲ ಮೇಡಂ?’ ಇವನೇ ಸಲಹೆ ಕೊಟ್ಟ.

‘ಮೊದಲು ಹಸಿವು ಬರಲಿ, ಅಶ್ವಗಂಧ ಆಮೇಲೆ ಬರಲಿ. ತಿಂದದ್ದೆಲ್ಲ ಮೈಗೆ ಹತ್ತಲ್ಲಪ್ಪ, ಅರಗಿದ್ದು ಮಾತ್ರ ಹತ್ತೋದು. ಅದಿರಲಿ, ಇಡೀ ದಿನ ಏನು ಕೆಲಸ ನಿಮ್ಮದು?’

ಹೇಳಿದ. ಲಿಫ್ಟು, ಜನ, ಮುಚ್ಚಿದ ಬಾಗಿಲು. ಅವರು ಕೇಳುತ್ತ ಹೋದಂತೆ, ಹೆಂಡತಿಗೂ ಹೇಳದ ಆ ಮಾಲೀಕರ ಕಥೆಯನ್ನೂ ತಲೆ ತಗ್ಗಿಸಿಕೊಂಡು ಹೇಳಿಬಿಟ್ಟ. ವೈದ್ಯೆ ನಗಲಿಲ್ಲ. ಅದು ಅವನಿಗೆ ಎಷ್ಟು ಹಿಡಿಸಿತೆಂದರೆ ಅಲ್ಲೇ ಅರ್ಧ ಗುಣವಾದಂತಾಯಿತು.

‘ಮಲ, ಮೂತ್ರ, ಗಾಳಿ, ತೇಗು, ಸೀನು, ಇವನ್ನೆಲ್ಲ ತಡೀಬಾರದು ಅಂತ ನಮ್ಮ ಶಾಸ್ತ್ರ ಒತ್ತಿ ಒತ್ತಿ ಹೇಳುತ್ತೆ,’ ಅಂದರು. ‘ಅಪಾನ ಅಂತ ಒಂದು ವಾಯು, ಅದು ಕೆಳಗೆ ಇಳೀಬೇಕು. ನೀವು ಬಾಗಿಲು ಹಾಕಿ ಮೇಲಕ್ಕೆ ಕಳಿಸ್ತಾ ಇದ್ದೀರ. ಕೆಳಗೆ ಇಳಿಯೋರನ್ನ ಬಲವಂತವಾಗಿ ಏಳನೇ ಮಹಡಿಗೆ ಕರ್ಕೊಂಡು ಹೋದ್ರೆ ಗಲಾಟೆ ಮಾಡ್ತಾರೋ ಇಲ್ವೋ?’

ಲಿಫ್ಟಿನ ಭಾಷೆಯಲ್ಲಿ ಹೇಳಿದ್ದರಿಂದ ತಕ್ಷಣ ಅರ್ಥವಾಯಿತು. ಆದರೆ ವೈದ್ಯೆಯ ಮಾತು ಅಲ್ಲಿಗೇ ಮುಗಿಯಲಿಲ್ಲ.

‘ಊಟ ಕಡಿಮೆ ಮಾಡಬೇಕು. ಅಡುಗೆ ಯಾರು ಮಾಡ್ತಾರೆ? ಅವರನ್ನೂ ಕರ್ಕೊಂಡು ಬನ್ನಿ.’

ಅಕ್ಕ ಬಂದಳು, ಬಂದವಳು ಕೂರಲಿಲ್ಲ. ‘ಕಡಿಮೆ ಹಾಕಬೇಕಾ? ಹಾಕಿ ಹಾಕಿನೇ ಹೀಗಿದ್ದಾರೆ. ಇನ್ನು ಕಡಿಮೆ ಹಾಕಿದ್ರೆ ಗಾಳಿಗೆ ಹಾರಿ ಹೋಗ್ತಾರೆ. ಜನ ನನಗೆ ಏನಂತಾರೆ ಗೊತ್ತಾ ನಿಮಗೆ?’

ವೈದ್ಯೆ ಎದುರಾಡಲಿಲ್ಲ. ‘ಅಮ್ಮಾ, ನೀವು ಕ್ಯಾಂಟೀನಿನವರು. ಒಲೆ ಇನ್ನೂ ಸರಿಯಾಗಿ ಹತ್ತಿಲ್ಲ, ಸಣ್ಣಗೆ ಉರೀತಿದೆ ಅಂದುಕೊಳ್ಳಿ. ದೊಡ್ಡ ಹಂಡೆ ತಂದು ಇಡ್ತೀರಾ?’

‘ಇಟ್ರೆ ಅಕ್ಕಿ ಬೇಯುತ್ತಾ? ನೆನೆದು ಹುಳಿ ಬರುತ್ತೆ.’

‘ಇವರ ಹೊಟ್ಟೇಲಿ ಆಗ್ತಿರೋದು ಅದೇ. ಹಿಂದಿನದು ಬೇಯೋ ಮೊದಲೇ ಇನ್ನೊಂದು ಹಂಡೆ ಬಂದು ಕೂರುತ್ತೆ. ಬೆಂಕಿಯ ತಪ್ಪೂ ಅಲ್ಲ, ಅಕ್ಕಿಯ ತಪ್ಪೂ ಅಲ್ಲ.’

ಅಡುಗೆಯ ತಪ್ಪಲ್ಲ ಎಂದು ಇಷ್ಟು ದಿನದಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಿದರು. ಅಕ್ಕ ಕುರ್ಚಿ ಎಳೆದುಕೊಂಡು ಕೂತು, ‘ಸರಿ, ಹೇಳಿ, ಏನೇನು ಮಾಡಬೇಕು,’ ಅಂದಳು.

ಹಾಲಿಗೆ ಬಾಳೆಹಣ್ಣು ಬೆರೆಸುವುದು ನಿಂತಿತು. ನೆನೆಸಿದ ಕಡಲೆ, ತಣ್ಣಗಿನದು, ಹಸಿಯದು ಸದ್ಯಕ್ಕೆ ಬಂದ್. ಲೇಹ್ಯದ ಡಬ್ಬಿ ಅಟ್ಟ ಸೇರಿತು. ಹಿಂದಿನ ಊಟ ಅರಗಿದ ಮೇಲೆ ಮುಂದಿನ ಊಟ, ಅದೂ ಬಿಸಿಯಾಗಿ, ಮೆತ್ತಗೆ, ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಉಳಿಯುವಷ್ಟು. ಊಟಕ್ಕೆ ಮೊದಲು ಉಪ್ಪು ಹಚ್ಚಿದ ಶುಂಠಿಯ ತೆಳು ಬಿಲ್ಲೆ. ಮೊದಲ ತುತ್ತಿಗೆ ತುಪ್ಪದಲ್ಲಿ ಕಲಸಿದ ಇಂಗಿನ ಚೂರ್ಣ. ಕುಡಿಯಲು ಜೀರಿಗೆ ಕುದಿಸಿದ ನೀರು, ಮಧ್ಯಾಹ್ನ ನೀರಾದ ಮಜ್ಜಿಗೆ. ರಜೆಯ ದಿನ ಮೈಗೆ ಬಿಸಿ ಎಳ್ಳೆಣ್ಣೆ ತಿಕ್ಕಿ ಸ್ನಾನ. ನಿಂತುಕೊಂಡು ಗಬಗಬ ತಿನ್ನುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಬಂದದ್ದನ್ನು ತಡೆಯುವ ಹಾಗಿಲ್ಲ.

ಅರಗಿತೋ ಇಲ್ಲವೋ ತಿಳಿಯುವುದಕ್ಕೆ ವೈದ್ಯೆ ಒಂದು ಗುರುತು ಹೇಳಿಕೊಟ್ಟಿದ್ದರು. ತೇಗಿನಲ್ಲಿ ಹಿಂದಿನ ಊಟದ ವಾಸನೆ, ಹುಳಿ ಬಂದರೆ ಇನ್ನೂ ಅರಗಿಲ್ಲ. ತೇಗು ಶುದ್ಧವಾಗಿ, ಮೈ ಹಗುರಾಗಿದ್ದರೆ ಊಟಕ್ಕೆ ಕೂರಬಹುದು. ಅಕ್ಕನಿಗೆ ಇದು ಬ್ರಹ್ಮಾಸ್ತ್ರವಾಯಿತು. ತಟ್ಟೆ ಕೈಯಲ್ಲಿ ಹಿಡಿದು ಎದುರು ನಿಂತು, ‘ಹಸಿವಾಯ್ತಾ?’ ಎನ್ನುತ್ತಿದ್ದಳು. ಇವನು ‘ಆಯ್ತು’ ಎಂದು ಸುಳ್ಳು ಹೇಳಿದರೆ, ‘ಎಲ್ಲಿ, ತೇಗಿ’ ಎನ್ನುತ್ತಿದ್ದಳು. ಅನ್ನದ ಪರೀಕ್ಷೆ ಮಾಡಿ ಪಳಗಿದ ಮೂಗು. ಎಷ್ಟೋ ಸಲ ತಟ್ಟೆ ಹಾಗೇ ಅಡುಗೆಮನೆಗೆ ವಾಪಸಾಯಿತು. ಬಡಿಸಿಯೇ ಬದುಕಿದ ಕೈಗೆ ತಟ್ಟೆ ಹಿಂದಕ್ಕೆ ಒಯ್ಯುವುದು ಎಷ್ಟು ಕಷ್ಟವೆಂದು ಅವನಿಗೆ ಅರ್ಥವಾಗುತ್ತಿತ್ತು. ಆದರೂ ಬೆಳಿಗ್ಗೆ ಅವಳು ಮೆಟ್ಟಿಲನ್ನೇ ಹತ್ತುತ್ತಿದ್ದಳು.

ಇನ್ನು ಗಾಳಿಯ ವಿಷಯ. ಲಿಫ್ಟಿನೊಳಗಂತೂ ಸಾಧ್ಯವಿಲ್ಲ. ನೆಲಮಹಡಿಯ ಹಿಂದುಗಡೆ ಜನರೇಟರ್ ಕೋಣೆ ಇತ್ತು. ‘ಎರಡು ನಿಮಿಷದಲ್ಲಿ ಬರುತ್ತೇನೆ’ ಎಂಬ ರಟ್ಟನ್ನು ಲಿಫ್ಟಿನ ಬಾಗಿಲಿಗೆ ತೂಗುಹಾಕಿ ಅಲ್ಲಿಗೆ ಹೋಗಿಬರುವುದೆಂದು ಯೋಚಿಸಿದ. ಅದಕ್ಕೆ ಮ್ಯಾನೇಜರ ಅನುಮತಿ ಬೇಕು, ಕಾರಣ ಹೇಳಬೇಕು. ಅವರ ಕೋಣೆಯ ಮುಂದೆ ಹೋಗಿ ಹೋಗಿ ವಾಪಸು ಬಂದ. ಕೊನೆಗೆ ವಾಚ್‌ಮನ್ ಮಾವ ರೇಗಿದ.

‘ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ? ಹೋಗಿ ಕೇಳಯ್ಯ!’

ಮ್ಯಾನೇಜರು ಪೂರ್ತಿ ಕೇಳಿಸಿಕೊಂಡರು. ಬಾಯ ತುದಿಗೆ ಜೋಕ್ ಬಂದದ್ದು ಕಾಣಿಸಿತು, ನುಂಗಿಕೊಂಡರು. ಒಪ್ಪಿಗೆ ಕೊಟ್ಟು, ಇವನು ಬಾಗಿಲ ಹತ್ತಿರ ಹೋದ ಮೇಲೆ ಕೆಳದನಿಯಲ್ಲಿ, ‘ಆ ವೈದ್ಯೆ ಸಂಜೆ ಎಷ್ಟೊತ್ತಿನ ತನಕ ಇರ್ತಾರೆ?’ ಎಂದು ಕೇಳಿದರು.

ಮೊದಲಿಗೆ ತೂಕ ಇನ್ನೂ ಸ್ವಲ್ಪ ಇಳಿಯಿತು. ಅಕ್ಕ ಹೌಹಾರಿದಳು. ವೈದ್ಯೆ ಮಾತ್ರ, ‘ಉಬ್ಬರ ಇಳೀತಾ ಇದೆ, ನಾಲಿಗೆ ತಿಳಿಯಾಗಿದೆ, ತಾಳ್ಮೆ ಇರಲಿ. ಇನ್ನೂ ಇಳೀತಾ ಹೋದ್ರೆ ಆಸ್ಪತ್ರೆಗೇ ವಾಪಸು ಕಳಿಸ್ತೀನಿ, ನನ್ನ ಹತ್ರ ಇಟ್ಟುಕೊಳ್ಳಲ್ಲ,’ ಅಂದರು. ಅರ್ಧಣ್ಣ ಜನರೇಟರ್ ಕೋಣೆಗೆ ಹೋಗುತ್ತಿದ್ದ, ಬರುತ್ತಿದ್ದ. ಮೊದಮೊದಲು ಅಲ್ಲಿ ನಿಂತರೂ ಏನೂ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಬೀಗ ಹಾಕಿದ ಬಾಗಿಲು ಒಂದೇ ಸಲ ತಳ್ಳಿದರೆ ತೆರೆಯುತ್ತದೆಯೇ?

ಒಂದು ದಿನ ಊಟಕ್ಕೆ ಇನ್ನೂ ಬಹಳ ಹೊತ್ತಿರುವಾಗಲೇ ಲಿಫ್ಟನ್ನು ನೆಲಮಹಡಿಯಲ್ಲಿ ನಿಲ್ಲಿಸಿ ಗಾಬರಿಯಿಂದ ಹೊರಬಂದ.

‘ಮಾವಾ, ಹೊಟ್ಟೆ ಒಳಗೆ ಏನೋ ಎಳೆದ ಹಾಗೆ ಆಗ್ತಿದೆ. ಕಣ್ಣು ಕತ್ತಲೆ ಬಂದ ಹಾಗಿದೆ. ಬಾಯಲ್ಲಿ ನೀರು ಬೇರೆ.’

ವಾಚ್‌ಮನ್ ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದ. ‘ಹಸಿವು ಕಣಯ್ಯ ಅದು! ಇಷ್ಟು ವಯಸ್ಸಾಯ್ತು, ಅದೂ ಗೊತ್ತಾಗಲ್ವಾ?’

ಅವತ್ತು ಊಟದ ಹೊತ್ತಿಗೆ ಕ್ಯಾಂಟೀನಿಗೆ ಹೋಗಿ, ಕೂತು, ಬರೀ ಅನ್ನ ಬೇಳೆ ತಿಂದ. ಅವಳ ಅಡುಗೆ ಇಷ್ಟು ರುಚಿಯೆಂದು ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಗೊತ್ತಾಯಿತು. ಅವನಿಗೆ ನಾಚಿಕೆಯಾಯಿತು. ಇಷ್ಟು ಕಾಲ ಅವಳ ಮುಖ ನೋಡಿ ತಿಂದಿದ್ದನೇ ಹೊರತು ಅವಳ ಊಟವನ್ನು ತಿಂದೇ ಇರಲಿಲ್ಲ. ಬಡಿಸುವ ಕಿಟಕಿಯಾಚೆ ನಿಂತಿದ್ದ ಅಕ್ಕ ಎಲ್ಲರಿಗೂ ಬಡಿಸುತ್ತ ಬಡಿಸುತ್ತ ಇವನ ತಟ್ಟೆಯನ್ನೇ ನೋಡುತ್ತಿದ್ದಳು. ಖಾಲಿಯಾದಾಗ, ಕೇಳದೆ, ಇನ್ನೊಂದು ಸೌಟು ತಂದು ಹಾಕಿದಳು.

ಆಮೇಲಾಮೇಲೆ ವೈದ್ಯೆ ತುಪ್ಪ ಹೆಚ್ಚಿಸಿದರು. ಉದ್ದು, ಖರ್ಜೂರ ಒಂದೊಂದಾಗಿ ವಾಪಸು ಬಂದವು, ಕೊನೆಗೆ ಬಿಸಿ ಹಾಲಿನಲ್ಲಿ ಅಶ್ವಗಂಧವೂ ಬಂತು. ಪವಾಡವೇನೂ ಆಗಲಿಲ್ಲ. ಕೆಲವು ದಿನ ಹೊಟ್ಟೆ ಮತ್ತೆ ಉಬ್ಬುತ್ತಿತ್ತು. ಯಾರದೋ ಹುಟ್ಟುಹಬ್ಬದ ಕೇಕು ತಿಂದು ಎರಡು ದಿನ ಅನುಭವಿಸಿದ. ಆದರೆ ಬೆಲ್ಟಿನ ಮೊಳೆಯ ತೂತು ಬಿಟ್ಟು ಹಳೆಯ ತೂತಿಗೆ ಬಂದ. ಕೆನ್ನೆಯ ಗುಳಿ ತುಂಬಿತು. ಅಕ್ಕ ನೋಡಿದಳು, ಸಂತೋಷಪಟ್ಟಳು, ಮೆಟ್ಟಿಲನ್ನೇ ಹತ್ತಿದಳು. ಅವನು ಕರೆದರೆ, ‘ಹೂಂ, ನೋಡೋಣ’ ಎನ್ನುತ್ತಿದ್ದಳು. ಇನ್ನೂ ಎಷ್ಟು ದಪ್ಪಗಾಗಬೇಕು ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಆ ಬೆಳಿಗ್ಗೆ ಎಂದಿನ ಜನವೇ. ವಕೀಲರು, ಟೈಪಿಸ್ಟ್ ಹುಡುಗಿಯರು, ವಿಮೆಯವರು. ಕೊನೆಯವರಾಗಿ ಮ್ಯಾನೇಜರು ಹತ್ತಿದರು, ಹತ್ತು ಜನವಾಯಿತು. ಅರ್ಧಣ್ಣ ಬಾಗಿಲ ಗುಂಡಿ ಒತ್ತಿದ.

ಗಂಟೆ ಹೊಡೆಯಿತು.

ಅದು ಹಾಗೆ ಕೂಗುವುದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಎಲ್ಲರೂ ಒಬ್ಬರ ಹೊಟ್ಟೆ ಒಬ್ಬರು ನೋಡಿಕೊಂಡರು. ವಕೀಲರು ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿ, ‘ನಾನಲ್ಲ’ ಎಂದರು. ಆಗ ಮ್ಯಾನೇಜರ ಕಣ್ಣು ಅರ್ಧಣ್ಣನ ಮೇಲೆ ಬಿತ್ತು.

‘ಓಹೋ! ಏನಯ್ಯ ಅರ್ಧ, ಹೆಂಡತಿ ಈಗ ಕಲ್ಲು ಬೇಯಿಸಿ ಹಾಕ್ತಿದ್ದಾಳಾ?’

ಲಿಫ್ಟೆಲ್ಲ ಘೊಳ್ಳೆಂದಿತು. ಅರ್ಧಣ್ಣ ನಗಲಿಲ್ಲ. ತೆರೆದ ಬಾಗಿಲಾಚೆ, ಮೆಟ್ಟಿಲ ಬುಡದಲ್ಲಿ ಅಕ್ಕ ಬುಟ್ಟಿ ಹಿಡಿದು ನಿಂತಿದ್ದಳು.

‘ಅನ್ನ ಸಾರ್,’ ಅಂದ. ‘ಒಳ್ಳೆ ಅಡುಗೆ. ಮೊದಲೂ ಒಳ್ಳೇದೇ ಇತ್ತು. ಅರಗಿಸಿಕೊಳ್ಳೋದು ನನಗೆ ಬರ್ತಿರಲಿಲ್ಲ.’ ಆಮೇಲೆ ತಗಡಿನ ಕಡೆ ಕೈ ತೋರಿಸಿದ. ‘ಕೊನೆಗೆ ಹತ್ತಿದವರು ಇಳೀಬೇಕು ಸಾರ್.’

ನಗು ನಿಂತಿತು. ಮ್ಯಾನೇಜರು ಒಂದು ಕ್ಷಣ ನಿಂತು, ಇಳಿದರು. ಗಂಟೆ ಸುಮ್ಮನಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಹೊತ್ತಿನ ಲಿಫ್ಟಿನಲ್ಲಿ ತಗಡು ಹೇಳಿದಷ್ಟೇ ಜನರಿದ್ದರು, ಅವನನ್ನೂ ಸೇರಿಸಿ ಹತ್ತು. ಬಾಗಿಲು ಮುಚ್ಚುವಾಗ ಅಕ್ಕ ಮೆಟ್ಟಿಲು ಹತ್ತತೊಡಗಿದ್ದು ಕಂಡಿತು.

ಒಬ್ಬೊಬ್ಬರನ್ನೇ ಇಳಿಸಿ, ಖಾಲಿ ಲಿಫ್ಟಿನಲ್ಲಿ ವಾಪಸು ಬರುತ್ತ, ಗೋಡೆಯಾಚೆ ಚಪ್ಪಲಿಯ ಸದ್ದು ನಿಂತದ್ದು ಕೇಳಿ ನಾಲ್ಕನೇ ಮಹಡಿಯಲ್ಲಿ ನಿಲ್ಲಿಸಿದ. ಅಲ್ಲಿ ಯಾರೂ ಗುಂಡಿ ಒತ್ತಿರಲಿಲ್ಲ. ಬಾಗಿಲು ತೆರೆದರೆ ಅಕ್ಕ ಬುಟ್ಟಿ ಕೆಳಗಿಟ್ಟು, ಮಂಡಿ ನೀವಿಕೊಳ್ಳುತ್ತ ಸುಧಾರಿಸಿಕೊಳ್ಳುತ್ತಿದ್ದಳು.

‘ಹತ್ತೇ,’ ಅಂದ.

ಅವಳು ಅವನನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು ಒಳಗೆ ಬಂದಳು. ಬುಟ್ಟಿಯನ್ನು ಅವನ ಸ್ಟೂಲಿನ ಮೇಲೆ ಇಟ್ಟಳು.

‘ಗಂಟೆ ಹೊಡೀತು, ಕೇಳಿಸ್ತಾ?’ ಅವನ ದನಿಯಲ್ಲಿ ಹೆಮ್ಮೆ ತಡೆಯಲಾಗದೆ ಹೊರಬಂತು. ‘ಮೈಗೆ ಹತ್ತಿದೆ ನೋಡು.’

‘ಗಂಟೆ ಹೊಡೆದದ್ದಕ್ಕೆ ನಾನು ಹತ್ತಲಿಲ್ಲ,’ ಅಂದಳು ಅಕ್ಕ. ‘ಅವರು ಅಂದದ್ದಕ್ಕೆ ನನಗೆ ಅಷ್ಟೇನೂ ನೋವಾಗಿರಲಿಲ್ಲ ಕಣ್ರೀ. ಅವತ್ತು ನೀವೂ ಅವರ ಜೊತೆ ನಕ್ಕಿದ್ರಿ. ಅದು ನನಗೆ ಅರಗಿರಲಿಲ್ಲ. ಇವತ್ತು ನೀವು ನಗಲಿಲ್ಲ.’

ಅವನು ಬುಟ್ಟಿಯ ಸೊಪ್ಪನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ನೆಲಮಹಡಿಯ ಕರೆ ದೀಪ ಉರಿಯಿತು, ಆರಿತು, ಮತ್ತೆ ಉರಿಯಿತು.

‘ಕೆಳಗೆ ಮ್ಯಾನೇಜರು ಕಾಯ್ತಿದ್ದಾರೆ,’ ಅಂದಳು.

‘ಕಾಯಲಿ,’ ಎಂದು ಅವನು ಏಳರ ಗುಂಡಿ ಒತ್ತಿದ.

ಲಿಫ್ಟ್ ಮೇಲೇರಿತು. ಆರನೇ ಮಹಡಿ ದಾಟುವಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ‘ಹಸಿವಾಯ್ತಾ?’ ಎಂದು ಕೇಳಿದಳು.

‘ಆಯ್ತು,’ ಅಂದ. ನಿಜವಾಗಿಯೂ ಆಗಿತ್ತು.